ಜೋಗೇಶ್ವರಿಗೆ ರಿಟರ್ನ್ ಟಿಕೀಟು

ಹಣಮಂತ ಸತ್ತು ಎರಡು ತಿಂಗಳಾಗಿತ್ತು. ಮಹಾದೇವಿಯ ಮನಸ್ಸಿನಲ್ಲಿ ಮಾತ್ರ ಒಂದೇ ಪ್ರಶ್ನೆ ಗಟ್ಟಿಯಾಗಿ ಕೂತುಬಿಟ್ಟಿತ್ತು. ಅವನು ಅವತ್ತು ತನ್ನ ಮೇಲೆ ಸಿಟ್ಟಿನಲ್ಲೇ ಹೋದನೇ? ಸಾವನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ದಾದರ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ, ಆಯುಷ್ಯ ಅಷ್ಟೇ ಇತ್ತು ಎಂದುಕೊಂಡಿದ್ದಳು. ಈ ಪ್ರಶ್ನೆ ಮಾತ್ರ ಗಂಟಲಲ್ಲಿ ಉಳಿದಿತ್ತು.

ಯಾಕೆಂದರೆ ಹಿಂದಿನ ಸಂಜೆ ಗಂಡಹೆಂಡಿರಿಗೆ ಜಗಳವಾಗಿತ್ತು. ಮುಲುಂಡಿನ ಸೊಸೈಟಿ ಬಿಲ್ಡಿಂಗುಗಳ ನಡುವೆ ಇರುವ ಕ್ಲಬ್ಬಿನ ಆಟದ ಮೈದಾನದಲ್ಲಿ ಇಬ್ಬರಿಗೂ ಕೆಲಸ. ಹುಲ್ಲು ಕೊಯ್ಯುವ ಮಶಿನ್ನು ಹಣಮಂತನದು. ಕೈಯಿಂದ ನೂಕುವಂಥದ್ದಲ್ಲ, ಸೀಟಿನ ಮೇಲೆ ಕೂತು ಸ್ಟಿಯರಿಂಗ್ ಹಿಡಿದು ಓಡಿಸುವಂಥದ್ದು. ಅದರ ಹೊಟ್ಟೆಯಡಿಯ ಅಗಲವಾದ ತಗಡಿನ ಬುಟ್ಟಿಯಲ್ಲಿ ಬ್ಲೇಡುಗಳು ತಿರುಗುತ್ತವೆ, ಆ ಬ್ಲೇಡುಗಳನ್ನು ಒಂದು ಉದ್ದನೆಯ ಬೆಲ್ಟು ತಿರುಗಿಸುತ್ತದೆ. ಮಹಾದೇವಿಯದು ಖುರ್ಪಿ ಹಿಡಿದು ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವ ಕೆಲಸ. ಇಂಡಿ ಕಡೆಯಿಂದ ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಕಟ್ಟಡಗಳ ಮೇಲೆ ಇಟ್ಟಿಗೆ ಹೊತ್ತಿದ್ದಳು. ಮಗಳು ಶ್ರೇಯಾ ಹುಟ್ಟಿದ ಮೇಲೆ ಈ ಮೈದಾನಕ್ಕೆ ಬಂದವಳು ಇಲ್ಲೇ ನಿಂತಳು. ಮಗಳನ್ನು ಓದಿಸಿ ಪುಣೆಗೆ ಮದುವೆ ಮಾಡಿಕೊಟ್ಟದ್ದೂ ಈ ಹುಲ್ಲಿನ ಮೇಲಿಂದಲೇ.

ಈಗ ಮೊಣಕಾಲು ಹಿಡಿಯತೊಡಗಿದ್ದವು. ಕುಕ್ಕರಗಾಲಲ್ಲಿ ಕೂತರೆ ಏಳಲು ನೆಲಕ್ಕೆ ಎರಡೂ ಕೈ ಊರಬೇಕು. ಅದಕ್ಕೇ ಅವಳು ಗಂಡನ ಬೆನ್ನು ಹತ್ತಿದ್ದಳು: ನನಗೂ ಮಶಿನ್ನು ಓಡಿಸೋದು ಕಲಿಸಿ, ನಿಮಗೆ ಬೇಸರವಾದಾಗ ನಾನು ಓಡಿಸುತ್ತೇನೆ. ಅವನು ಪ್ರತಿ ಸಲ ನಕ್ಕು ತೇಲಿಸಿಬಿಡುತ್ತಿದ್ದ. ಆ ಸಂಜೆ ಮಾತ್ರ ನಗಲಿಲ್ಲ.

"ನಿನ್ನ ಕೈಲೆ ಆಗೂದಿಲ್ಲ ಮಾರಾಯ್ತಿ. ಬೆಲ್ಟ್ ಉಚ್ಚಿ ಬಿತ್ತಂದ್ರ ಯಾರು ಹಾಕವ್ರು? ಅದನ್ನ ಎಳದ ಹಿಡಿಯೋ ಸ್ಪ್ರಿಂಗ್ ಬಗ್ಗಸಾಕ ಗಂಡಸ್ರ ರಟ್ಟಿ ಬೇಕು."

"ಇಟ್ಟಂಗಿ ಹೊರುವಾಗ ನನ್ನ ರಟ್ಟಿ ಹೆಂಗಸಿನ ರಟ್ಟಿ ಇರ್ಲಿಲ್ಲೇನ್ರಿ? ಹೆಂಡ್ತಿ ಸೀಟಿನ ಮ್ಯಾಲ ಕುಂತ್ರ ನಿಮ್ಮ ಮರ್ಯಾದಿ ಹೋಗ್ತೈತಿ. ಅದನ್ನ ಖರೇ ಹೇಳ್ರಿ."

"ಬಾಯಿ ಭಾಳ ಆತು ನಿಂದು."

"ಆತಲ್ಲ? ನಾಳಿಂದ ನನ್ನ ಕೂಡ ಮಾತೇ ಆಡಬ್ಯಾಡ್ರಿ."

ಅವರ ಸಂಸಾರದಲ್ಲಿ ಒಂದು ಕಟ್ಟಳೆ ಇತ್ತು. ಮಾತು ಬಿಟ್ಟವರೇ ಮೊದಲು ಮಾತಾಡಬೇಕು. ಮದುವೆಯಾದ ಹೊಸತರಲ್ಲಿ ತಮಾಷೆಗೆ ಮಾಡಿಕೊಂಡದ್ದು, ಆಮೇಲೆ ಇಬ್ಬರೂ ಅದನ್ನು ಹಟ ಹಿಡಿದು ಪಾಲಿಸಿಕೊಂಡು ಬಂದಿದ್ದರು. ಬೆಳಿಗ್ಗೆ ಎದ್ದು ಮಹಾದೇವಿ ಮಾತಾಡಲಿಲ್ಲ, ರೊಟ್ಟಿ ಕಟ್ಟಿಯೂ ಕೊಡಲಿಲ್ಲ. ನಲ್ಲಿಗೆ ನೀರು ಬಂದಿತ್ತು, ಕೊಡ ತೆಗೆದುಕೊಂಡು ಹೋದಳು. ವಾಪಸು ಬರುವಷ್ಟರಲ್ಲಿ ಅವನಿರಲಿಲ್ಲ. ಮಧ್ಯಾಹ್ನ ದಾದರಿನಿಂದ ಪೋಲೀಸರ ಫೋನು ಬಂತು.

ಅವನ ಜೇಬಿನಲ್ಲಿ ಮುಲುಂಡಿನಿಂದ ಜೋಗೇಶ್ವರಿಗೆ ರಿಟರ್ನ್ ಟಿಕೀಟು ಸಿಕ್ಕಿತು. ಕೆಲಸದ ದಿನ, ಯಾರಿಗೂ ಹೇಳದೆ, ಜೋಗೇಶ್ವರಿಗೆ ಯಾಕೆ ಹೊರಟಿದ್ದ? ಜೋಗೇಶ್ವರಿಯಲ್ಲಿ ಇದ್ದದ್ದು ಅವನ ದೊಡ್ಡಪ್ಪನ ಮಗ, ಆ ಅಣ್ಣನ ಹೆಂಡತಿ ಇಂದ್ರಾಬಾಯಿ. ಮಣ್ಣು ಕೊಟ್ಟು ಬಂದ ದಿನವೇ ಇಂದ್ರಾಬಾಯಿ ಬಾಗಿಲಲ್ಲಿ ಕೂತು, ನಾಲ್ಕು ಮಂದಿಗೆ ಕೇಳುವಂತೆ ಅಂದಳು:

"ನಮ್ಮ ಮನಿಗೇ ಹೊಂಟಿದ್ದ ನೋಡ್ರಿ ಪಾಪ. ಮನಸಿಗೆ ಏನರ ಹತ್ತಿರಬೇಕು. ಅಣ್ಣನ ಮುಂದ ಹೇಳ್ಕೊಂಡು ಅಳಾಕ ಹೊಂಟಿದ್ದ. ಮುಟ್ಟಲಿಲ್ಲ ಜೀವ."

ಎಂಥ ಮಾತು ನೋಡಿ! ಕಂಡವಳ ಹಾಗೆ ಹೇಳಿಬಿಟ್ಟಳು. ಜನರಿಗೇನು, ಸಾವಿನ ಮನೆಯಲ್ಲಿ ಬಾಯಾಡಿಸಲು ಒಂದು ಮಾತು ಬೇಕು. ಆದರೆ ಮಹಾದೇವಿ ಆ ಮಾತನ್ನು ಎದೆಯೊಳಗೆ ಇಳಿಸಿಕೊಂಡಳು. ಶ್ರೇಯಾ ಪುಣೆಯಿಂದ ಬಂದು ತನ್ನ ಅರೆಬರೆ ಕನ್ನಡದಲ್ಲಿ, "ಮಮ್ಮಿ, ಪಪ್ಪಾಗೆ ಗುಸ್ಸಾ ಬರೋದೇ ಇಲ್ಲ, ನಿನಗೆ ಗೊತ್ತಲ್ಲ" ಎಂದು ತಬ್ಬಿಕೊಂಡಳು. ಅವಳ ಅಪ್ಪನ ಸಿಟ್ಟು ಅವಳಿಗೆ ಗೊತ್ತಿರಲಿಲ್ಲ. ಗಂಡನ ಸಿಟ್ಟು ಮಹಾದೇವಿಗೆ ಗೊತ್ತಿತ್ತು.

ಪೋಲೀಸರು ಕೊಟ್ಟ ಸಾಮಾನಿನಲ್ಲಿ ಅವನ ವಿಭೂತಿ ಗಂಟೂ ಇತ್ತು. ಬಿಳಿ ಬಟ್ಟೆಯ ಪುಟ್ಟ ಗಂಟು, ಸದಾ ಅಂಗಿಯ ಒಳಜೇಬಿನಲ್ಲಿ ಇರುತ್ತಿದ್ದದ್ದು. ಬಿಚ್ಚಿದಾಗ ವಿಭೂತಿಯ ಜೊತೆ ಬೂದಿ ಬಳಿದುಕೊಂಡ ಒಂದು ಹಿತ್ತಾಳೆಯ ಉಂಗುರ ಕಂಡಿತು. ಬೆರಳಿನ ಉಂಗುರಕ್ಕಿಂತ ದಪ್ಪ, ಒಂದು ಕಡೆ ಸವೆದು ತೆಳ್ಳಗಾಗಿತ್ತು. ಯಾವ ಮಠದಿಂದ ತಂದಿದ್ದನೋ, ಯಾವ ಹರಕೆಯದೋ ಎಂದುಕೊಂಡಳು. ಹೆಂಡತಿಗೂ ಹೇಳದೆ ಎದೆಯ ಹತ್ತಿರ ಇಟ್ಟುಕೊಂಡಿದ್ದನೆಂದರೆ ದೇವರ ವಸ್ತುವೇ ಇರಬೇಕು. ಲಿಂಗಾಯತರ ಪದ್ಧತಿಯಂತೆ ಅವನನ್ನು ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಬಿಲ್ವಪತ್ರೆ ತುಂಬುವಾಗ ಆ ಗಂಟನ್ನು ಹಾಗೇ ಅವನ ಮಡಿಲಲ್ಲಿ ಇರಿಸಿದಳು. ಜಂಗಮರು ಏನೆಂದು ಕೇಳಿದರು. "ಅವರದ್ರಿ" ಎಂದಳು.

ಮನೆಯಲ್ಲಿ ಅವನ ಬಟ್ಟೆಬರೆ ವಿಂಗಡಿಸುವಾಗ ತನ್ನ ಹಸಿರು ಖಣದ ಕುಬಸ ಕಾಣಲಿಲ್ಲ. ಚಾಳಿನ ಗ್ಯಾಲರಿಯ ಹಗ್ಗದ ಮೇಲೆ ಒಣಗಲು ಹಾಕಿದ್ದು. ಯಾವ ಹಡಬಿಟ್ಟಿ ಕದ್ದಳೋ ಎಂದು ಮನಸ್ಸಿನಲ್ಲೇ ಬೈದು, ಮರೆತಳು.

ಮೈದಾನದಲ್ಲಿ ಮಶಿನ್ನಿಗೆ ಹೊಸ ಡ್ರೈವರ್ ಬಂದ. ಬಂದ ದಿನವೇ ಬೆಲ್ಟು ಉಚ್ಚಿತು. ಹಾಕಿದ, ಎರಡು ಸುತ್ತು ಹೊಡೆದ, ಮತ್ತೆ ಉಚ್ಚಿತು. ರಿಪೇರಿಯವನನ್ನು ಕರೆಸಿದರು. ಅವನು ಬೆಲ್ಟು ಹಳೆಯದು ಎಂದು ಹೊಸತು ಹಾಕಿದ. ಅದೂ ಉಚ್ಚಿತು. ಸ್ಪ್ರಿಂಗ್ ಸಡಿಲವಾಗಿದೆ ಎಂದು ಅದನ್ನೂ ಬದಲಿಸಿದ. ಸುಟ್ಟ ರಬ್ಬರಿನ ವಾಸನೆ ಬಂತೇ ಹೊರತು ಬೆಲ್ಟು ನಿಲ್ಲಲಿಲ್ಲ. ಕೊನೆಗೆ ಕೆಳಗಿನ ಬುಟ್ಟಿಯೇ ಸೊಟ್ಟಗಾಗಿದೆ ಎಂದು ಕೈ ತೊಳೆದುಕೊಂಡ. ಹೊಸ ಡ್ರೈವರ್ ಬೇರೆ ಕೆಲಸ ನೋಡಿಕೊಂಡು ಹೋದ. ಹುಲ್ಲು ಮೊಣಕಾಲಿಗೆ ಬಂತು.

ಕ್ಲಬ್ಬಿನ ಸೆಕ್ರೆಟರಿ ಹಿತೇಶ್‌ಭಾಯ್ ಒಳ್ಳೆಯ ಮನುಷ್ಯ, ಆದರೆ ಎಷ್ಟು ಕಾಯುತ್ತಾನೆ? ಸೋಮವಾರ ಮಶಿನ್ನನ್ನು ಗುಜರಿ ಕೊಳ್ಳುವ ಭಂಗಾರದವನಿಗೆ ಕೊಟ್ಟುಬಿಡುವುದೆಂದು ಹೇಳಿದ. ಅದು ಕಿವಿಗೆ ಬಿದ್ದಾಗ ಮಹಾದೇವಿಯ ಕೈಯಲ್ಲಿದ್ದ ಖುರ್ಪಿ ನಿಂತಿತು. ಗಂಡ ಇಷ್ಟು ವರ್ಷ ಕೂತ ಸೀಟು ಅದು. ಹರಿದಲ್ಲಿ ಅವಳೇ ದಾರ ಹಾಕಿ ಹೊಲಿದುಕೊಟ್ಟಿದ್ದಳು.

"ಸಾಬ್, ಒಮ್ಮೆ ನಾನು ನೋಡ್ತೀನಿ" ಎಂದು ತನಗೆ ಬರುವ ಹಿಂದಿಯಲ್ಲಿ ಕೇಳಿಕೊಂಡಳು.

"ನೋಡು" ಎಂದ ಹಿತೇಶ್‌ಭಾಯ್. ಅವನಿಗೆ ಪಾಪ ಅನ್ನಿಸಿರಬೇಕು.

ಜೊತೆಗೆ ಸುಭಾಷ ಬಂದ. ಅವನೂ ಮೈದಾನದ ಕೆಲಸದವನೇ, ಅಕ್ಕಲಕೋಟ ಕಡೆಯವನು, ಹಣಮಂತನನ್ನು ಅಣ್ಣಾ ಎಂದೂ ಇವಳನ್ನು ವೈನಿ ಎಂದೂ ಕರೆಯುವವನು. ಮಶಿನ್ನಿಗೆ ಹೊದಿಸಿದ್ದ ತಾಡಪತ್ರಿ ಸರಿಸಿದ ಮೇಲೆ ಮಹಾದೇವಿ ಮೊದಲು ಅದರ ಕೀಲಿಕೈ ಕಿತ್ತು ಹಲ್ಲಿನಲ್ಲಿ ಕಚ್ಚಿಕೊಂಡಳು. ಹಣಮಂತ ಹಾಗೇ ಮಾಡುತ್ತಿದ್ದ. ಬ್ಲೇಡಿನ ಹತ್ತಿರ ಕೈ ಹಾಕುವಾಗ ಕೀಲಿಕೈ ತನ್ನ ಬಾಯಲ್ಲೇ ಇರಬೇಕು, ಮತ್ತೊಬ್ಬ ಬಂದು ಮಶಿನ್ನು ಚಾಲೂ ಮಾಡಬಾರದು. ಕೆಲಸ ಮುಗಿಯುವ ತನಕ ಬಾಯಿ ಬಿಡುತ್ತಿರಲಿಲ್ಲ, ಕೇಳಿದ್ದಕ್ಕೆಲ್ಲ ಮೂಗಿನಲ್ಲೇ ಉತ್ತರ.

ಅವಳು ಕುಕ್ಕರಗಾಲಲ್ಲಿ ಕೂತಳು. ಇಷ್ಟು ವರ್ಷ ಕಳೆ ಕಿತ್ತಿದ್ದೂ ಹೀಗೇ ಕೂತು, ಗಂಡನ ಮಶಿನ್ನು ಪಕ್ಕದಲ್ಲಿ ಹಾದುಹೋಗುವುದನ್ನು ನೋಡಿದ್ದೂ ಹೀಗೇ ಕೂತು. ಉಳಿದವರು ಮಶಿನ್ನನ್ನು ಮೇಲಿಂದ ನೋಡಿದ್ದರು, ಇವಳು ಅದರ ಹೊಟ್ಟೆಯನ್ನು ಕಂಡಿದ್ದಳು. ಬೆಲ್ಟು ಓಡುವಾಗ ಒಂದೇ ಸಮನೆ ಓಡುತ್ತಿದ್ದದ್ದು ಕಣ್ಣಲ್ಲಿ ಕಟ್ಟಿತ್ತು.

ಹೊಸ ಬೆಲ್ಟನ್ನು ಕೈಯಲ್ಲಿ ತಿರುವಿ ನೋಡಿದಳು. ಒಂದು ಅಂಚು ಹೊಸತಾಗೇ ಇತ್ತು. ಇನ್ನೊಂದು ಅಂಚು ಮಾತ್ರ ಸವೆದು ಎಳೆ ಎದ್ದಿತ್ತು. ಅಂದರೆ ಎಲ್ಲೋ ಓರೆಯಾಗಿ ಓಡುತ್ತಿದೆ. ಬೆಲ್ಟು ಹಾಯುವ ಪುಲ್ಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿದಳು. ಎಲ್ಲವೂ ನೆಟ್ಟಗಿದ್ದವು. ಬೆಲ್ಟನ್ನು ಬಿಗಿಯಾಗಿ ಹಿಡಿಯಲು ಒಂದು ಕಬ್ಬಿಣದ ತೋಳಿದೆ, ತುದಿಯಲ್ಲಿ ಒಂದು ಪುಲ್ಲಿ, ಹಿಂದಿನಿಂದ ಅದನ್ನು ಎಳೆಯುವ ಸ್ಪ್ರಿಂಗ್. ಬ್ಲೇಡಿನ ಲಿವರ್ ಹಾಕು ಎಂದು ಸುಭಾಷನಿಗೆ ಕೈಸನ್ನೆ ಮಾಡಿದಳು. ಸ್ಪ್ರಿಂಗ್ ಎಳೆಯುತ್ತಲೇ ಆ ಪುಲ್ಲಿ ತಲೆ ಬಾಗಿಸಿತು. ಲಿವರ್ ಬಿಟ್ಟರೆ ಮತ್ತೆ ನೆಟ್ಟಗೆ.

ತೋಳನ್ನು ಹಿಡಿದು ಅಲ್ಲಾಡಿಸಿದಳು. ಬೋಲ್ಟಿನ ಮೇಲೆ ಅದು ಗಳಗಳ ಆಡುತ್ತಿತ್ತು. ತೋಳಿನ ತೂತು ದೊಡ್ಡದು, ಬೋಲ್ಟು ಸಣ್ಣದು. ಕೀಲಿಕೈ ಬಾಯಿಂದ ತೆಗೆದು ಕೇಳಿದಳು.

"ಇದನ್ನ ಯಾರು ಜೋಡಿಸ್ಯಾರ ಸುಭಾಷ?"

"ನಾನಽ ವೈನಿ. ಅಣ್ಣಾ ತೀರಿಕೊಂಡ ದಿನ ಮುಂಜಾನೆ ನೋಡಿದ್ರ ತೋಳು ಬಿಚ್ಚಿ ಕೆಳಗ ಬಿದ್ದಿತ್ತು, ಬೋಲ್ಟ್ ಬಾಜೂಕ ಇತ್ತು. ಅಣ್ಣಾ ಅರ್ಧಕ್ಕ ಬಿಟ್ಟ ಹ್ವಾದ ಅಂತ ತಿಳದು ಮುಂದ ಎರಡು ವಾಶರ್ ಹಾಕಿ ನಾನಽ ಕಸದೆ. ಯಾಕ?"

ಅವಳು ಬೋಲ್ಟು ಬಿಚ್ಚಿಸಿ ತೂತಿನೊಳಗೆ ಬೆರಳು ಆಡಿಸಿದಳು. ಗ್ರೀಸಿನ ಕಪ್ಪು ಒರೆಸಿ ಉಗುರಿನಿಂದ ಕೆರೆದಳು. ಒಳಗೆ ಹಳದಿ ಗೆರೆ ಹೊಳೆಯಿತು. ಹಿತ್ತಾಳೆ. ತೂತಿಗೂ ಬೋಲ್ಟಿಗೂ ನಡುವೆ ಹಿತ್ತಾಳೆಯ ಒಂದು ಬುಷ್ ಇರಬೇಕಿತ್ತು. ಬೆರಳಿನ ಉಂಗುರಕ್ಕಿಂತ ದಪ್ಪನೆಯದು.

ಮಹಾದೇವಿ ಹುಲ್ಲಿನ ಮೇಲೆ ಕೂತುಬಿಟ್ಟಳು.

"ಯವ್ವಾ! ಅದನ್ನ ನಾನು ಅವರ ಉಡಿಯಾಗ ಇಟ್ಟೆ" ಎಂದಳು. "ದೇವರದು ಅಂತ ತಿಳದು ಮಣ್ಣಾಗ ಇಟ್ಟೆ."

ಸುಭಾಷನಿಗೆ ತಿಳಿಯಲು ಹೊತ್ತು ಹಿಡಿಯಿತು. ತಿಳಿದ ಮೇಲೆ, "ಹಂಗಾರ ಮತ್ತ ಅಲ್ಲಿ..." ಎಂದವನು ನಾಲಿಗೆ ಕಚ್ಚಿಕೊಂಡು ಕೈ ಮುಗಿದ. ಅಗೆದು ತೆಗೆಯುವ ಜಾಗವೇ ಅದು?

ಆಮೇಲೆ ಅವನೇ ನೆನಪಿಸಿಕೊಂಡು ಹೇಳಿದ. "ವೈನಿ, ಹಿಂದ ರೋಲರ್‌ದ ಪಿನ್ನು ಮುರದಾಗ ಅಣ್ಣಾ ಜೋಗೇಶ್ವರಿಯಾಗ ಮಾಡಿಸ್ಕೊಂಡು ಬಂದಿದ್ದ. ರಮಾನಾಥ ಆಚಾರ್ರು ಅಂತ, ಲೇತ್ ಇಟ್ಟಾರ. ಉಡುಪಿ ಕಡಿಯವ್ರು. ಇಲ್ಲೇ ಭಾಂಡುಪದಾಗ ಮಾಡ್ತಾರಲ್ಲೋ ಅಂದ್ರ, ಕನ್ನಡದಾಗ ಹೇಳಿದ್ರ ಕೆಲಸ ಚಲೋ ಆಗ್ತೈತಿ ಅಂತಿದ್ದ."

ಹಾಗಾದರೆ ಹಣಮಂತ ಇಂದ್ರಾಬಾಯಿಯ ಮನೆಗೆ ಹೊರಟವನಲ್ಲ. ಸವೆದ ಬುಷ್ ಕಳಚಿ, ಕಳೆದುಹೋಗದಿರಲೆಂದು ವಿಭೂತಿಯ ಗಂಟಿನಲ್ಲಿ ಕಟ್ಟಿಕೊಂಡು, ಹೊಸತು ಮಾಡಿಸಲು ಹೊರಟಿದ್ದ. ಎದೆಯ ಒಂದು ಮೂಲೆ ಹಗುರವಾಯಿತು. ಆದರೆ ಪ್ರಶ್ನೆ ಎಲ್ಲಿ ಹೋಯಿತು? ಹೋದದ್ದು ಮಶಿನ್ನಿನ ಸಲುವಾಗಿ, ಸರಿ. ಸಿಟ್ಟು ಮಾಡಿಕೊಂಡೇ ಹೋಗಿರಬಹುದಲ್ಲ. ಸಿಟ್ಟು ಬಂದಾಗ ಮನೆಯಲ್ಲಿ ಮಾತು ಬಿಟ್ಟು ಮಶಿನ್ನಿನ ಹತ್ತಿರ ಹೋಗಿ ಕೂರುವುದು ಅವನ ಹಳೆಯ ಚಾಳಿ.

ಮರುದಿನ ಬೆಳಿಗ್ಗೆ ಅವಳು ಅದೇ ಟಿಕೀಟು ತೆಗೆಸಿದಳು, ಮುಲುಂಡಿನಿಂದ ಜೋಗೇಶ್ವರಿಗೆ ರಿಟರ್ನ್. ದಾದರಿನಲ್ಲಿ ಇಳಿದು ವೆಸ್ಟರ್ನ್ ಲೈನಿಗೆ ಸೇತುವೆ ಹತ್ತಬೇಕು. ಜನರ ನೂಕಿನಲ್ಲಿ ಆ ಮೆಟ್ಟಿಲು ಯಾವುದೆಂದು ಯಾರಿಗೆ ಗೊತ್ತು? ಕಂಬಿ ಹಿಡಿದು ಒಂದು ಕ್ಷಣ ನಿಂತಳು. ಹಿಂದಿನವರು "ಚಲೋ ಬಾಯಿ, ಚಲೋ" ಎಂದು ದಬ್ಬಿದರು, ನಡೆದಳು.

ಜೋಗೇಶ್ವರಿಯ ಗಲ್ಲಿಗಳಲ್ಲಿ ಕೇಳುತ್ತ ಕೇಳುತ್ತ ಆಚಾರ್ಯರ ಲೇತಿನ ಅಂಗಡಿ ಸಿಕ್ಕಿತು. ಶಟರಿನ ಒಳಗೆ ಲೇತ್ ತಿರುಗುತ್ತಿತ್ತು, ಕಬ್ಬಿಣದ ಸುರುಳಿಗಳು ಕೆಳಗೆ ಬೀಳುತ್ತಿದ್ದವು. ಬಿಳಿಗೂದಲಿನ ರಮಾನಾಥ ಆಚಾರ್ಯರು ಕನ್ನಡಕ ಹಣೆಗೇರಿಸಿ ನೋಡಿದರು.

"ಮುಲುಂಡಿಂದ ಬಂದೀನ್ರಿ. ಹುಲ್ಲಿನ ಮಶಿನ್ನಿಂದು ಬುಷ್..."

ಅವಳು ಮುಗಿಸುವ ಮೊದಲೇ ಅವರು ಬೈಯಲು ಶುರು ಮಾಡಿದರು. "ಎಂತ ಅಮ್ಮ ನೀವು! ಮಾಡಿ ಇಟ್ಟು ಎಷ್ಟು ಸಮಯ ಆಯ್ತು! ಅರ್ಜೆಂಟ್, ನಾಡಿದ್ದೇ ಬೇಕು ಅಂತ ನನ್ನ ತಲೆ ತಿಂದದ್ದು ಅವರು. ಈಗ ಫೋನ್ ಮಾಡಿದ್ರೆ ಸ್ವಿಚ್ ಆಫ್. ಎಲ್ಲಿ ಅವರು?"

"ಅವರಿಲ್ರಿ" ಎಂದಳು. "ಇಲ್ಲಿಗೆ ಬರೂವಾಗನಽ ದಾದರದಾಗ ತೀರಿಕೊಂಡ್ರು."

ಆಚಾರ್ಯರು ಲೇತ್ ಬಂದ್ ಮಾಡಿದರು. ಸ್ಟೂಲ್ ಎಳೆದು ಒರೆಸಿ ಅವಳನ್ನು ಕೂರಿಸಿದರು. ಆಮೇಲೆ ತಾವೂ ಕೂತರು.

"ಬರುವಾಗ ಅಲ್ಲ ಅಮ್ಮ" ಎಂದರು ಮೆಲ್ಲಗೆ. "ಹೋಗುವಾಗ. ಬೆಳಿಗ್ಗೆ ನಾನು ಶಟರ್ ತೆಗೀಲಿಕ್ಕೂ ಇಲ್ಲ, ಅವರು ಬಂದು ನಿಂತಿದ್ರು. ಬುಷ್ ಅಳತೆ ತೆಗೊಂಡೆ. ಸ್ಯಾಂಪಲ್ ಇಟ್ಟು ಹೋಗಿ ಅಂದೆ. ಇಲ್ಲ, ಹೊಸತು ಬರುವವರೆಗೆ ಹಳತನ್ನೇ ಹಾಕಿ ಓಡಿಸ್ತೇನೆ ಅಂತ ಬಟ್ಟೆಯಲ್ಲಿ ಕಟ್ಟಿಕೊಂಡು ಹೋದ್ರು. ಇಲ್ಲಿಂದ ಚಾ ಕುಡಿದು ಹೋದ ಮನುಷ್ಯ... ದೇವರೇ."

ಅವರು ಎದ್ದು ಹಿಂದಿನ ಅಟ್ಟದಿಂದ ಒಂದು ಕಟ್ಟು ಇಳಿಸಿದರು. ಬಟ್ಟೆಯಲ್ಲಿ ಸುತ್ತಿದ ಕಟ್ಟು, ಒಂದು ಕಡೆಯಿಂದ ಕಬ್ಬಿಣದ ಪೈಪು ಹೊರಗೆ ಚಾಚಿತ್ತು. ಬಟ್ಟೆ ನೋಡಿ ಮಹಾದೇವಿ ಸ್ಟೂಲಿನಿಂದ ಎದ್ದು ಕಟ್ಟಿಗೆ ಕೈ ಚಾಚಿದಳು. ಹಸಿರು ಖಣ, ಕೆಂಪು ಅಂಚು. ಬಗಲಲ್ಲಿ ಬಿಟ್ಟುಹೋದಲ್ಲಿ ತಾನೇ ಕಪ್ಪು ದಾರದಲ್ಲಿ ಹಾಕಿದ ಹೊಲಿಗೆ.

"ಇದು... ಇದು ನನ್ನ ಕುಬಸ."

"ನಿಮ್ಮದೇ. ನಾನು ನಕ್ಕುಬಿಟ್ಟೆ ಅಮ್ಮ ಆವತ್ತು. ಮಾರಾಯ್ರೆ, ಇದು ಲೇತಿನ ಅಂಗಡಿ, ಟೈಲರ್ ಅಂಗಡಿ ಅಲ್ಲ ಅಂದೆ. ಅವರು ಹೇಳಿದ್ರು, ನನ್ನ ಹೆಂಡತಿ ಮಶಿನ್ ಕಲೀತಾಳೆ, ಅವಳ ಕೈಗೆ ಆ ಸ್ಪ್ರಿಂಗ್ ಬಗ್ಗೂದಿಲ್ಲ. ತೋಳಿಗೆ ಸಿಕ್ಕಿಸಿ ಎಳೀಲಿಕ್ಕೆ ಒಂದು ಪೈಪ್ ಮಾಡಿ ಕೊಡಿ, ಉದ್ದ ಇದ್ರೆ ಒಂದೇ ಕೈಯಲ್ಲಿ ಆಗ್ತದೆ. ಆದ್ರೆ ಅವಳ ಕೈಗೆ ಎಟಕುವಷ್ಟೇ ಉದ್ದ ಬೇಕು ಅಂತ. ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ ಅಂದೆ. ಹೇಗೆ ಕರೀಲಿ, ಜಗಳ ಆಗಿದೆ, ಮಾತು ಬಿಟ್ಟಿದ್ದಾಳೆ ಅಂದ್ರು. ಅದಕ್ಕೆ ಹಗ್ಗದ ಮೇಲಿದ್ದ ಕುಬಸ ತಂದದ್ದಂತೆ. ಕುಬಸದ ತೋಳು ಇಷ್ಟು, ಅವಳ ಮೊಣಕೈಯಿಂದ ಕೆಳಗೆ ಇಷ್ಟು ಅಂತ ತಮ್ಮ ಕೈಯ ಮೇಲೆ ಗೇಣು ಹಾಕಿ ತೋರಿಸಿದ್ರು."

ಮಹಾದೇವಿ ಕುಬಸವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಎರಡು ತಿಂಗಳು ಯಾರನ್ನೂ ಕೇಳಲಾಗದ ಮಾತನ್ನು ಕೇಳಿಯೇ ಬಿಟ್ಟಳು.

"ಸಿಟ್ಟಿನಾಗ ಇದ್ದರೇನ್ರಿ?"

"ಎಂತ ಸಿಟ್ಟು! ನಗಾಡ್ತಾ ಇದ್ರು. ಅವಳು ಹೇಳಿದ್ದೇ ಸರಿ ಆಚಾರ್ರೆ, ನನಗೇ ಸ್ವಲ್ಪ ನಾಚಿಕೆ ಆಗಿತ್ತು ಅಂದ್ರು. ಅದನ್ನು ಅವಳ ಎದುರು ಬಾಯಿ ಬಿಟ್ಟು ಹೇಳ್ಲಿಕ್ಕೆ ನನ್ನಿಂದ ಆಗೂದಿಲ್ಲ, ಇದನ್ನು ಕೈಗೆ ಕೊಟ್ರೆ ಅವಳಿಗೆ ತಿಳೀತದೆ ಅಂದ್ರು."

ಅವಳು ಅತ್ತಳು. ಗಂಡ ಸತ್ತ ದಿನ ಅತ್ತದ್ದು ಅಳುವೇ ಅಲ್ಲ ಅನ್ನುವ ಹಾಗೆ, ಕುಬಸದಲ್ಲಿ ಮುಖ ಹುದುಗಿಸಿ ಅತ್ತಳು. ಆಚಾರ್ಯರು ಹೊರಗೆ ಹೋಗಿ ಗಲ್ಲಿಯಲ್ಲಿ ನಿಂತರು. ಬಹಳ ಹೊತ್ತಿನ ಮೇಲೆ ಚಾ ತರಿಸಿದರು.

ಸೋಮವಾರಕ್ಕೆ ಮೊದಲೇ ಅವಳೂ ಸುಭಾಷನೂ ಕೆಲಸಕ್ಕೆ ಕೂತರು. ಆಚಾರ್ಯರು ಮಾಡಿಕೊಟ್ಟ ಹೊಸ ಬುಷ್ ತೂತಿನೊಳಗೆ ತೋರಬೆರಳಿನ ಒತ್ತಿಗೇ ಕೂತಿತು. ಬೋಲ್ಟು ಹಾಕಿ ಬಿಗಿದ ಮೇಲೆ ತೋಳು ಅತ್ತಿತ್ತ ಆಡಲಿಲ್ಲ, ತಿರುಗಬೇಕಾದ ಕಡೆಗೆ ಮಾತ್ರ ತಿರುಗಿತು. ಮಹಾದೇವಿ ಕೀಲಿಕೈ ಹಲ್ಲಿನಲ್ಲಿ ಕಚ್ಚಿ, ಪೈಪನ್ನು ತೋಳಿಗೆ ಸಿಕ್ಕಿಸಿ ಎಳೆದಳು. ಆ ಹಟಮಾರಿ ಸ್ಪ್ರಿಂಗ್ ಸುಮ್ಮನೆ ಬಗ್ಗಿತು. ಭುಜ ಎತ್ತಬೇಕಾಗಲಿಲ್ಲ, ಮುಂದಕ್ಕೆ ಬಾಗಬೇಕಾಗಲಿಲ್ಲ. ಪೈಪಿನ ತುದಿ ಸರಿಯಾಗಿ ಅವಳ ಕೈಗೇ ಬಂದಿತ್ತು. ಇನ್ನೊಂದು ಕೈಯಿಂದ ಬೆಲ್ಟನ್ನು ಪುಲ್ಲಿಗೆ ಏರಿಸಿದಳು.

"ಬಂತಲ್ರಿ ವೈನಿ!" ಎಂದು ಸುಭಾಷ ಕುಣಿದ. ಕೀಲಿಕೈ ಬಾಯಲ್ಲಿತ್ತು, ಅವಳು ಮಾತಾಡಲಿಲ್ಲ.

ಲಿವರ್ ಹಾಕಿ ಮೊದಲ ಸುತ್ತುಗಳನ್ನು ಸುಭಾಷ ಹೊಡೆದ. ಅವಳು ಹುಲ್ಲಿನಲ್ಲಿ ಕೂತು, ಮಶಿನ್ನು ಪಕ್ಕದಲ್ಲಿ ಹಾಯುವಾಗಲೆಲ್ಲ ಬಗ್ಗಿ ನೋಡಿದಳು. ಪುಲ್ಲಿ ತಲೆ ಬಾಗಿಸಲಿಲ್ಲ. ಬೆಲ್ಟು ಮೊದಲಿನ ಹಾಗೆ ಒಂದೇ ಸಮನೆ ಓಡಿತು. ಹಿತೇಶ್‌ಭಾಯ್ ಬಂದು ನೋಡಿ ಭಂಗಾರದವನಿಗೆ ಬೇಡವೆಂದು ಫೋನು ಮಾಡಿದ. ಓಡಿಸುವವರು ಯಾರು ಎಂದು ಅವನು ಕೇಳಿದಾಗ ಸುಭಾಷ ಇಳಿದು ಇವಳ ಕಡೆಗೆ ಕೈ ತೋರಿಸಿದ.

ಸುಭಾಷನಿಂದ ದಿನವೂ ಅಷ್ಟಷ್ಟು ಕಲಿತು, ಅವಳು ಒಬ್ಬಳೇ ಮಶಿನ್ನು ಹತ್ತಿದ್ದು ಮುಂದಿನ ವಾರ. ಅವತ್ತು ಹಸಿರು ಕುಬಸ ತೊಟ್ಟಿದ್ದಳು. ಹಿಂದಿನ ದಿನವೇ ಇಂದ್ರಾಬಾಯಿಗೆ ಫೋನು ಮಾಡಿ, ಅವರು ನಿಮ್ಮ ಮನೆಗೆ ಹೊರಟಿರಲಿಲ್ಲ ಅಕ್ಕಾ, ನನ್ನ ಕೆಲಸಕ್ಕೆ ಹೋಗಿದ್ದರು ಎಂದು ತಿಳಿಸಿದ್ದಳು. ಹಸಿರು ತೊಡುತ್ತೇನೆ ಎಂದದ್ದಕ್ಕೆ ಇಂದ್ರಾಬಾಯಿ, "ಗಂಡ ಹೋದ ವರ್ಷದಾಗ ಹಸರು ಹಾಕ್ಕೋತಾರೇನ?" ಎಂದಳು. "ಅವರು ಅಳತಿ ಕೊಟ್ಟಿದ್ದು ಇದರದ ಅಕ್ಕಾ, ಇದನ್ನ ಹಾಕ್ಕೋತೀನಿ" ಎಂದು ಫೋನು ಇಟ್ಟಿದ್ದಳು.

ತಾನೇ ಹೊಲಿದ ಸೀಟಿನ ಮೇಲೆ ಕೂತು ಬ್ಲೇಡಿನ ಲಿವರ್ ಹಾಕಿದಳು. ಎಷ್ಟು ಸದ್ದು! ಪಕ್ಕದಲ್ಲಿ ನಿಂತವರಿಗೂ ಏನೂ ಕೇಳಿಸದಷ್ಟು. ಕೊಯ್ದ ಹುಲ್ಲಿನ ವಾಸನೆ ಎದ್ದಿತು. ಮೈದಾನದ ದೂರದ ಅಂಚಿನಲ್ಲಿ ಮಶಿನ್ನು ತಿರುಗಿಸುವಾಗ ಅವಳಿಗೆ ಆ ಕಟ್ಟಳೆ ನೆನಪಾಯಿತು. ಅವನು ಮಾತು ಬಿಟ್ಟಿರಲಿಲ್ಲ. ಬಿಟ್ಟವಳು ಅವಳು, ಮೊದಲು ಮಾತಾಡಬೇಕಾದವಳೂ ಅವಳೇ.

"ಏನ್ರಿ" ಎಂದಳು ಗಟ್ಟಿಯಾಗಿ. "ಬೆಲ್ಟ್ ಕುಂತೈತ್ರಿ."